ಒಂಟಿ ಗುಂಡಿನ ರೈಫಲಿಗೆ ಎರಡು ಕಾಲು

ಬಂದೂಕಿನ ವಿಚಾರವಾಗಿ ಭೌತಶಾಸ್ತ್ರದ ಅಧ್ಯಾಪಕನೊಬ್ಬನು ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕಬ್ಬಿಣದ ಕೊಳವೆಯೊಂದು ಅಲುಗುವುದು, ಬಾಗುವುದು, ಮರವು ಅದನ್ನು ಒತ್ತುವುದು, ಇವೆಲ್ಲ ನಮ್ಮ ಶಾಸ್ತ್ರಕ್ಕೆ ಸೇರಿದ ವಿಷಯಗಳೇ. ಬೇಟೆಯ ಪ್ರಶಂಸೆ ನನ್ನ ಉದ್ದೇಶವಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನ ಬಂದಮೇಲೆ ವಿನೋದಕ್ಕಾಗಿ ಮೃಗಗಳನ್ನು ಹೊಡೆಯುವ ಕಾಲ ನಮ್ಮ ದೇಶದಲ್ಲಿ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಆದರೂ ಹಳೆಯ ಮನೆಗಳಲ್ಲಿ ಲೈಸೆನ್ಸಿನ ಮೇಲೆ ಉಳಿದುಬಂದಿರುವ ರೈಫಲುಗಳು ಇನ್ನೂ ಇವೆ. ಗುರಿಮೈದಾನಕ್ಕೆ ಅವು ಹೋಗುತ್ತವೆ. ಬೆಳೆಯನ್ನು ಹಾಳುಮಾಡುವ ಮೃಗವನ್ನು ಕೊಲ್ಲಲು ಅಧಿಕಾರವುಳ್ಳವರಿಂದ ಲಿಖಿತ ಅಪ್ಪಣೆ ದೊರೆತಾಗ, ಅಪರೂಪವಾಗಿ, ಹೊಲದ ಬದುವಿಗೂ ಹೋಗುತ್ತವೆ. ಹಾಗೆ ಹೋದಾಗ ಅವು ಗುರಿ ತಪ್ಪಬಾರದು. ಈ ಹೊತ್ತಿನ ಮಾತಿಗೆ ಇಷ್ಟೇ ಪೀಠಿಕೆ.

ಘಾಟಿ ಸುಬ್ರಹ್ಮಣ್ಯದ ಸೀಮೆಯನ್ನು ಕೇಳುಗರಲ್ಲಿ ಅನೇಕರು ನೋಡಿರುತ್ತೀರಿ. ದೊಡ್ಡಬಳ್ಳಾಪುರದಿಂದ ಹೊರಟು ಆ ಕಡೆಗೆ ನಡೆದರೆ ಬಯಲು ಮುಗಿದು ಗುಡ್ಡ ಮೊದಲಾಗುತ್ತದೆ. ಒಂದು ಕಡೆ ಮಾಕಳಿದುರ್ಗದ ಬೆಟ್ಟ, ಅದರ ಬುಡದಲ್ಲಿ ರೈಲಿನ ಹಾದಿ. ಇನ್ನೊಂದು ಕಡೆ ಬಂಡೆಗಳು, ಕುರುಚಲು ಕಾಡು, ನಡುನಡುವೆ ರಾಗಿ, ಅವರೆ, ದ್ರಾಕ್ಷಿಯ ತೋಟ. ಕ್ಷೇತ್ರದಲ್ಲಿ ಪುಷ್ಯ ಶುದ್ಧ ಷಷ್ಠಿಯ ರಥೋತ್ಸವ ನಡೆಯುತ್ತದೆ. ಆ ಕಾಲಕ್ಕೆ ಹೆಸರಾದ ದನಗಳ ಜಾತ್ರೆಯೂ ಸೇರುತ್ತದೆ. ಹರಕೆ ಹೊತ್ತವರು ನಾಗರಕಲ್ಲು ನಿಲ್ಲಿಸಲು ವರ್ಷವೆಲ್ಲ ಬರುತ್ತಾರೆ. ಎಂದರೆ, ಕಾಡು, ಹೊಲ, ಜನ, ದನ ಈ ನಾಲ್ಕೂ ಒಂದರ ಮಗ್ಗುಲಲ್ಲಿ ಇನ್ನೊಂದು ಇರುವ ನಾಡು ಅದು. ರಾತ್ರಿ ಕಾಡಿನಿಂದ ಇಳಿದ ಹಂದಿಗಳು ಒಂದು ಹೊಲವನ್ನು ಉತ್ತುಹಾಕಿ ಬೆಳಗಾಗುವುದರೊಳಗೆ ಮರಳುತ್ತವೆ. ರೈಫಲಿನ ಗುಂಡಾದರೋ ತಡೆಯಿಲ್ಲದಿದ್ದರೆ ಎರಡು ಮೈಲಿಗೂ ಹೆಚ್ಚು ದೂರ ಹೋಗಬಲ್ಲದು. ಇಂಥ ನೆಲದಲ್ಲಿ ನಾಲ್ಕು ಬೆರಳಷ್ಟು ಗುರಿ ತಪ್ಪುವುದು ಲೆಕ್ಕದ ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಒಂಟಿ ಗುಂಡಿನ ರೈಫಲು ಎಂದರೆ ಒಂದು ತೋಟಾ ಹಾಕಿ, ಹೊಡೆದು, ಖಾಲಿ ತೋಟಾವನ್ನು ತೆಗೆದ ಮೇಲೆಯೇ ಇನ್ನೊಂದನ್ನು ಹಾಕಬೇಕಾದ ಬಂದೂಕು. ಇದರಲ್ಲಿ ಹೆಸರಾದುವು ಎರಡು ಜಾತಿ. ಒಂದು ಮಾರ್ಟಿನಿ-ಹೆನ್ರಿ, ೧೮೭೧ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು. ಇನ್ನೊಂದು ಸ್ಕಾಟ್ಲೆಂಡಿನ ಜಾನ್ ಫಾರ್ಕರ್ಸನ್ ೧೮೭೨ರಲ್ಲಿ ಪೇಟೆಂಟು ಪಡೆದ ಯಂತ್ರ. ಬ್ರಿಸ್ಟಲಿನ ಗಿಬ್ಸ್ ಅವರು ಇದರ ರೈಫಲುಗಳನ್ನು ಮಾಡುತ್ತಿದ್ದರು. ಕೆಳಗಿನ ಸನ್ನೆಯನ್ನು ಎಳೆದರೆ ಉಕ್ಕಿನ ಅಗಳಿಯೊಂದು ಬಾವಿಗೆ ಇಳಿದ ಹಾಗೆ ನೇರವಾಗಿ ಕೆಳಗಿಳಿದು ನಳಿಗೆಯ ಬಾಯಿ ತೆರೆಯುತ್ತದೆ. ಅಮೆರಿಕದಲ್ಲಿ ರೂಗರ್ ಅವರು ೧೯೬೭ರ ಸುಮಾರಿನಲ್ಲಿ ಹೊರತಂದ ಒಂಟಿ ಗುಂಡಿನ ರೈಫಲು ಈ ಫಾರ್ಕರ್ಸನ್ನಿನ ಮೊಮ್ಮಗನೇ ಸರಿ. ಬಂದೂಕು ಗಿಡ್ಡವಾಗಿ, ಹಗುರವಾಗಿ, ಗಟ್ಟಿಯಾಗಿ ಇರುವುದು ಇವುಗಳ ಗುಣ. ಎರಡನೆಯ ಗುಂಡು ಕೈಗೆ ಬೇಗ ಸಿಗದಿರುವುದು ದೋಷ. ನಮ್ಮ ಮೈಸೂರಿನ ಕಾಡುಗಳಲ್ಲಿ ಆನೆಗಳ ಖೆಡ್ಡಾವನ್ನು ನಡೆಸಿದ ಸ್ಯಾಂಡರ್ಸನ್, ಒಂಟಿ ನಳಿಗೆಯ ದೊಡ್ಡ ಬಂದೂಕೊಂದು ಸಮಯಕ್ಕೆ ಹಾರದೆ ತನ್ನನ್ನು ಅಪಾಯಕ್ಕೆ ತಂದಿತೆಂದೂ, ಬಳಿಕ ತಾನು ಜೋಡಿ ನಳಿಗೆಗೆ ತಿರುಗಿದೆನೆಂದೂ ೧೮೭೮ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಒಂದೇ ಗುಂಡನ್ನು ನಂಬಿದವನಿಗೆ ಆ ಒಂದು ಗುಂಡು ಹೇಳಿದಲ್ಲಿಗೆ ಹೋಗಲೇಬೇಕು. ಅದಕ್ಕಾಗಿಯೇ ಬಂದೂಕಿಗೆ ಆನಿಕೆ ಬೇಕೆನ್ನಿಸುವುದು.

ಆನಿಕೆಯ ಯೋಚನೆ ಹೊಸದಲ್ಲ. ಹದಿನಾರು ಹದಿನೇಳನೆಯ ಶತಮಾನದ ಯೂರೋಪಿನ ಸಿಪಾಯಿ ತನ್ನ ಭಾರವಾದ ಬಂದೂಕಿನೊಡನೆ ಕವಲುಗೋಲೊಂದನ್ನು ಹೊತ್ತು ತಿರುಗುತ್ತಿದ್ದ. ಉತ್ತರ ಹಿಂದೂಸ್ಥಾನದ ಕೆಲವು ಬತ್ತಿಬಂದೂಕುಗಳಿಗೆ ಮಡಿಸತಕ್ಕ ಎರಡು ಕಾಲುಗಳೇ ಇದ್ದುವು. ಆಫ್‌ಘಾನರ ಉದ್ದನೆಯ ಜಜಾಯಿಲ್ ಬಂದೂಕಿಗೂ ಕವಲಿನ ಆನಿಕೆ ಉಂಟು. ೧೮೩೯ರಿಂದ ೧೮೪೨ರ ವರೆಗೆ ನಡೆದ ಯುದ್ಧದಲ್ಲಿ ಇಂಗ್ಲಿಷರು ಅದರ ದೂರದ ಏಟಿನ ರುಚಿಯನ್ನು ಕಂಡರು. ನಮ್ಮ ಕಾಲದವರಿಗೆ ಬೈಪಾಡ್ ಎಂಬ ಹೆಸರು ಪರಿಚಿತವಾದದ್ದು ಬ್ರೆನ್ ಮೊದಲಾದ ಮೆಷಿನ್ ಗನ್ನುಗಳಿಂದ. ಮೆಷಿನ್ ಗನ್ನಿಗೆ ಹಿತವಾದದ್ದು ಬೇಟೆಯ ರೈಫಲಿಗೂ ಹಿತವೇ ಎಂದು ಭಾವಿಸಿ ಅಂಗಡಿಯಿಂದ ಒಂದನ್ನು ತಂದು ತಿರುಪು ಬಿಗಿಸುವವರಿದ್ದಾರೆ. ತೊಡಕು ಮೊದಲಾಗುವುದು ಅಲ್ಲಿಯೇ.

ನಮ್ಮ ಸೋದರಮಾವನವರ ಮನೆ ಆ ಘಾಟಿಯ ಕಡೆಯ ಒಂದು ಹಳ್ಳಿಯಲ್ಲಿದೆ. ಅವರ ತಂದೆಯ ಕಾಲದ ಫಾರ್ಕರ್ಸನ್ ಮಾದರಿಯ ರೈಫಲೊಂದು, ಲೈಸೆನ್ಸು ತಪ್ಪದಂತೆ ನಡೆದು, ಅವರ ಕೈಗೆ ಬಂದಿದೆ. ಪಟ್ಟಣದಲ್ಲಿ ಓದಿದ ಅವರ ಮಗ ಅದಕ್ಕೆ ದುರ್ಬೀನು ಕೂಡಿಸಿದ. ಒಬ್ಬ ಕೆಲಸಗಾರನಿಂದ ನಳಿಗೆಗೆ ಪಟ್ಟಿ ಹಾಕಿಸಿ ಎರಡು ಕಾಲುಗಳನ್ನೂ ಕಟ್ಟಿಸಿದ. ಆ ವರ್ಷ ಅಪ್ಪಣೆ ಪಡೆದು ಹೊಡೆದ ಒಂದು ಹಂದಿ ಬೆನ್ನಿನ ಮೇಲಂಚಿನಲ್ಲಿ ಗಾಯಗೊಂಡು ಓಡಿಹೋಯಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಆ ಎರಡು ದಿನವೂ ಊರಿನವರು ಗುಡ್ಡದ ಕಡೆಗೆ ದನ ಬಿಡಲಿಲ್ಲ. ಗಾಯಗೊಂಡ ಹಂದಿ ಪೊದೆಯಲ್ಲಿ ಮಲಗಿದ್ದರೆ ದನ ಕಾಯುವ ಹುಡುಗನ ಗತಿಯೇನು? ಮಾವನವರು ನನ್ನನ್ನು ಕರೆಸಿ, “ಅಲ್ಲಯ್ಯ, ನಮ್ಮಪ್ಪನ ಕಾಲದಲ್ಲಿ ಇದಕ್ಕೆ ಕಾಲಿರಲಿಲ್ಲ, ಗುರಿ ಇತ್ತು. ಈಗ ಕಾಲು ಬಂತು, ಗುರಿ ಹೋಯಿತು. ನೀನು ಕಾಲೇಜಿನಲ್ಲಿ ಪಾಠ ಹೇಳುವವನಲ್ಲವೆ, ಏಕೆಂದು ಹೇಳು” ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಕೊಂಚ ಕ್ರಮವಾಗಿ ಹೇಳುತ್ತೇನೆ.

ನಳಿಗೆಯು ನಮ್ಮ ಕಣ್ಣಿಗೆ ಬಾಗದ ಕಬ್ಬಿಣದ ಗುಳದಂತೆ ಕಾಣುತ್ತದೆ. ನಿಜವಾಗಿ ಅದು ಒಂದು ತುದಿಯಲ್ಲಿ ಹಿಡಿದ ಬೆತ್ತ. ಕೆಳಗಿನಿಂದ ಒತ್ತಿದರೆ ಬಾಗುತ್ತದೆ. ಮದ್ದು ಸಿಡಿದರೆ ವೀಣೆಯ ತಂತಿಯ ಹಾಗೆ ಕಂಪಿಸುತ್ತದೆ. ಗುಂಡು ನಳಿಗೆಯೊಳಗೆ ಇರುವ ಕಾಲ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕೊಂಚ ಹೆಚ್ಚು, ಅಷ್ಟೇ. ಆ ಅಲ್ಪಕಾಲದಲ್ಲಿಯೂ ಕಂಪನ ಹುಟ್ಟಿ ಮೂತಿಯನ್ನು ತಲಪಿರುತ್ತದೆ. ಗುಂಡು ಹೊರಬೀಳುವ ಕ್ಷಣದಲ್ಲಿ ಮೂತಿ ಯಾವ ದಿಕ್ಕನ್ನು ನೋಡುತ್ತಿತ್ತೋ ಆ ದಿಕ್ಕೇ ಗುಂಡಿನ ದಿಕ್ಕು. ಮ್ಯಾಲಕ್ ಎಂಬ ವಿದ್ವಾಂಸರು ೧೯೦೧ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ರೈಫಲಿನ ನಳಿಗೆಯ ಕಂಪನವನ್ನು ಕುರಿತು ಬರೆದರು. ಅಮೆರಿಕದ ಡಾಕ್ಟರ್ ಮ್ಯಾನ್ ಎಂಬುವರು ಬಹು ವರ್ಷ ಪ್ರಯೋಗಗಳನ್ನು ನಡೆಸಿ ೧೯೦೯ರಲ್ಲಿ ಗುಂಡಿನ ಹಾರಾಟವನ್ನು ಕುರಿತ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ಕಂಪನವಿರುವುದು ತಪ್ಪಲ್ಲ, ಅದನ್ನು ತಪ್ಪಿಸುವುದೂ ಸಾಧ್ಯವಲ್ಲ. ಪ್ರತಿ ಸಲವೂ ಅದು ಒಂದೇ ರೀತಿಯಾಗಿದ್ದರೆ ಗುಂಡುಗಳು ಒಂದೇ ಕಡೆ ಬೀಳುತ್ತವೆ. ಒಮ್ಮೆ ಕೈಯ ಮೇಲೆ, ಒಮ್ಮೆ ಕಾಲಿನ ಮೇಲೆ, ಒಮ್ಮೆ ಬಂಡೆಯ ಮೇಲೆ ಇಟ್ಟು ಹೊಡೆದರೆ ತಂತಿಯನ್ನು ಬೇರೆ ಬೇರೆ ಮನೆಗಳಲ್ಲಿ ಒತ್ತಿದ ಹಾಗೆ ಸ್ವರ ಬದಲಾಗುತ್ತದೆ.

ಎಷ್ಟು ಬಾಗಿದರೆ ಎಷ್ಟು ತಪ್ಪು? ಇದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ೧೦೦ ಗಜದಲ್ಲಿ ಒಂದು ಅಂಗುಲ ಎಂದರೆ ಕೋನದಲ್ಲಿ ಸುಮಾರು ಒಂದು ಮಿನಿಟು, ಡಿಗ್ರಿಯ ಅರವತ್ತನೆಯ ಒಂದು ಪಾಲು. ೨೬ ಅಂಗುಲದ ನಳಿಗೆಯ ತುದಿಯನ್ನು ಮೇಲಕ್ಕೆ ಒತ್ತಿ ಅಷ್ಟು ಕೋನಕ್ಕೆ ತಿರುಗಿಸಬೇಕಾದರೆ ತುದಿಯು ಮಿಲಿಮೀಟರಿನ ಎಂಟನೆಯ ಒಂದು ಪಾಲಿನಷ್ಟು ಏರಿದರೆ ಸಾಕು. ಒಂದು ದಪ್ಪ ಕಾಗದದ ದಪ್ಪ ಅದು. ನಾಲ್ಕು ಅಂಗುಲದ ತಪ್ಪಿಗೆ ಅರ್ಧ ಮಿಲಿಮೀಟರು. ನಳಿಗೆಯ ಮುಂಭಾಗಕ್ಕೇ ಕಾಲುಗಳನ್ನು ಕಟ್ಟಿ, ಬಂದೂಕಿನ ಭಾರದ ಜೊತೆಗೆ ನಮ್ಮ ಭುಜದ ಭಾರವನ್ನೂ ಅದರ ಮೇಲೆ ಹೇರಿದರೆ ಇಂಥ ಬಾಗು ಬರುವುದರಲ್ಲಿ ಆಶ್ಚರ್ಯವೇನು?

ಹಾಗಾದರೆ ತಾತನ ಕಾಲದಲ್ಲಿ ಈ ತಪ್ಪು ಏಕೆ ಕಾಣಲಿಲ್ಲ? ಇಲ್ಲೊಂದು ಸ್ವಾರಸ್ಯವಿದೆ. ತಾತ ಗುರಿ ನೋಡುತ್ತಿದ್ದದ್ದು ನಳಿಗೆಯ ಮೇಲೆಯೇ ಇರುವ ಹಿಂದಿನ ಗೀಟು ಮತ್ತು ಮೂತಿಯ ಮೊಳೆಗಳಿಂದ. ಮೂತಿ ಮೇಲೆದ್ದರೆ ಮೊಳೆಯೂ ಅದರೊಡನೆ ಮೇಲೇಳುತ್ತದೆ. ನೋಡುವವನು ತನಗೆ ತಿಳಿಯದೆಯೇ ಬಂದೂಕನ್ನು ಅಷ್ಟು ತಗ್ಗಿಸುತ್ತಾನೆ. ತಪ್ಪಿನ ಹೆಚ್ಚಿನ ಪಾಲು ಹೀಗೆ ತನಗೆ ತಾನೇ ತೀರಿಹೋಗುತ್ತದೆ. ಮೊಮ್ಮಗನ ದುರ್ಬೀನಾದರೋ ಹಿಂದೆ ಯಂತ್ರಭಾಗದ ಮೇಲೆ ಕುಳಿತಿದೆ. ಮುಂದೆ ಮೂತಿ ಎತ್ತ ನೋಡುತ್ತಿದೆಯೆಂಬುದು ಅದಕ್ಕೆ ಗೊತ್ತಿಲ್ಲ. ಘಾಟಿಯ ಗುಡಿಯಲ್ಲಿ ಮುಂದೆ ನಿಂತವರಿಗೆ ಸುಬ್ರಹ್ಮಣ್ಯನು ಕಾಣುತ್ತಾನೆ. ಬೆನ್ನ ಕಡೆಯಲ್ಲಿ ಪಶ್ಚಿಮಕ್ಕೆ ಮುಖಮಾಡಿರುವ ನರಸಿಂಹನನ್ನು ಕಾಣಲು ಗರ್ಭಗುಡಿಯೊಳಗೆ ಕನ್ನಡಿ ಇಟ್ಟಿದ್ದಾರೆ. ದುರ್ಬೀನಿಗೆ ಅಂಥ ಕನ್ನಡಿಯಿಲ್ಲ.

ಇನ್ನು ಒಂಟಿ ಗುಂಡಿನ ರೈಫಲಿಗೇ ವಿಶೇಷವಾದ ತೊಂದರೆಗೆ ಬರೋಣ. ಇಂದಿನ ಸಾಮಾನ್ಯ ಬೋಲ್ಟ್ ರೈಫಲಿನಲ್ಲಿ ಭುಜದಿಂದ ಮುಂಗೈಯವರೆಗೆ ಮರವೆಲ್ಲ ಒಂದೇ ತುಂಡು. ಯಂತ್ರಭಾಗವು ಅದರಲ್ಲಿ ಭದ್ರವಾಗಿ ಕೂತಿರುತ್ತದೆ. ನಳಿಗೆಯನ್ನು ಮರಕ್ಕೆ ತಾಗದಂತೆ ತೇಲಬಿಡಬಹುದು. ಅಂಥದಕ್ಕೆ ಕಾಲು ಹಾಕುವುದು ಸುಲಭ. ಕಾಲಿನ ಒತ್ತಡ ಮರದಲ್ಲಿ ಹಾದು ಯಂತ್ರಕ್ಕೆ ಸೇರುತ್ತದೆ, ನಳಿಗೆಯ ಗೊಡವೆಗೆ ಹೋಗುವುದಿಲ್ಲ. ಒಂಟಿ ಗುಂಡಿನದರಲ್ಲಿ ಮರ ಎರಡು ತುಂಡು. ಹಿಂದಿನದನ್ನು ಯಂತ್ರಕ್ಕೆ ಉದ್ದನೆಯ ತಿರುಪಿನಿಂದ ಬಿಗಿದಿರುತ್ತಾರೆ. ಎಡಗೈ ಹಿಡಿಯುವ ಮುಂದಿನ ಮರವನ್ನು ಕೆಲವದರಲ್ಲಿ ಯಂತ್ರಭಾಗದಿಂದ ಮುಂದಕ್ಕೆ ಚಾಚಿದ ಉಕ್ಕಿನ ನಾಲಗೆಗೂ, ಕೆಲವದರಲ್ಲಿ ನಳಿಗೆಗೂ ತಗುಲಿಸಿರುತ್ತಾರೆ. ನಳಿಗೆಗೆ ತಗುಲಿಸಿದ್ದರೆ ಆ ಮರಕ್ಕೆ ಮಾಡಿದ್ದೆಲ್ಲ ನಳಿಗೆಗೆ ಮಾಡಿದ ಹಾಗೆಯೇ. ಮರದಲ್ಲಿ ಕಾಲು ಊರಿದಿರೆನ್ನಿ, ನಳಿಗೆಯಲ್ಲಿಯೇ ಊರಿದಿರಿ. ನಾಲಗೆಗೆ ತಗುಲಿಸಿದ್ದರೂ ನಿಶ್ಚಿಂತೆಯಿಲ್ಲ. ನಾಲಗೆ ಕೊಂಚ ಬಾಗಿ ಮರದ ತುದಿ ನಳಿಗೆಗೆ ತಾಗಿದರೆ ಫಲ ಒಂದೇ.

ಆದುದರಿಂದ ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ, ಮರವನ್ನು ಬಿಚ್ಚಿ ನೋಡುವುದು. ಬಂದೂಕು ಖಾಲಿಯೆಂಬುದನ್ನು ಅಗಳಿ ಇಳಿಸಿ, ಕಣ್ಣಿನಿಂದಲೂ ಬೆರಳಿನಿಂದಲೂ ಎರಡು ಸಲ ಖಚಿತಪಡಿಸಿಕೊಂಡು, ಮುಂದಿನ ಮರವನ್ನು ತೆಗೆಯಿರಿ. ದೀಪದ ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲಸಿ ನಳಿಗೆಯ ಕೆಳಭಾಗಕ್ಕೆ ತೆಳುವಾಗಿ ಸವರಿ. ಮರವನ್ನು ಮತ್ತೆ ಕೂಡಿಸಿ, ಕೈಯಿಂದ ಮೇಲಕ್ಕೆ ಒತ್ತಿ, ಬಿಚ್ಚಿ. ಮರದಲ್ಲಿ ಕಪ್ಪು ಎಲ್ಲಿ ಹತ್ತಿದೆಯೋ ಅಲ್ಲಿ ನಳಿಗೆ ತಾಗುತ್ತಿದೆ. ನಮ್ಮ ಮಾವನವರ ರೈಫಲಿನಲ್ಲಿ ಮುಂತುದಿಯ ಎಡಗಡೆ ಮಾತ್ರ ಒಂದು ಕಾಸಿನಗಲ ಕಪ್ಪು ಹತ್ತಿತು. ನಳಿಗೆಯ ಪಟ್ಟಿಯ ಮಾತಂತೂ ಬಿಡಿ, ಅದು ಇಡೀ ಸುತ್ತಿಕೊಂಡಿತ್ತು. ಒಳ್ಳೆಯ ಕೆಲಸಗಾರನು ಆ ಕಪ್ಪನ್ನು ಮರಳು ಕಾಗದದಿಂದ ಸ್ವಲ್ಪ ಸ್ವಲ್ಪವಾಗಿ ಕೆರೆದು, ಯಂತ್ರಭಾಗದ ಬಳಿಯಲ್ಲಿ ಮಾತ್ರ ಮರ ಗಟ್ಟಿಯಾಗಿ ಕೂಡುವಂತೆ ಮಾಡುತ್ತಾನೆ. ಮುಂದಕ್ಕೆ ಎಲ್ಲಿಯೂ ತಾಗಗೊಡಿಸನು. ಮರ ಕೂಡಿಸಿದ ಮೇಲೆ ಮಡಿಸಿದ ಕಾಗದವೊಂದು ನಳಿಗೆ ಮತ್ತು ಮರದ ನಡುವೆ ಮುಂತುದಿಯಿಂದ ಹಿಂದಕ್ಕೆ ಸರಾಗವಾಗಿ ಸರಿಯಬೇಕು. ಬರಿಯ ಬಂದೂಕಿನಲ್ಲಿ ಸರಿದರೆ ಸಾಲದು. ಕಾಲುಗಳ ಮೇಲೆ ನಿಲ್ಲಿಸಿ, ಹೊಡೆಯುವಾಗ ಒರಗುವಷ್ಟೇ ಒರಗಿದಾಗಲೂ ಸರಿಯಬೇಕು. ಕೆರೆದ ಮರಕ್ಕೆ ಎಣ್ಣೆ ಕುಡಿಸುವುದನ್ನು ಮರೆಯಬಾರದು. ಬರಿಯ ಮರ ಆಷಾಢದ ತೇವಕ್ಕೆ ಉಬ್ಬಿ, ಬೇಸಗೆಗೆ ಕುಗ್ಗಿ, ನೀವು ಮಾಡಿದ ಸಂದನ್ನು ತಾನೇ ಮುಚ್ಚುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಉಪಾಯವೂ ಉಂಟು. ನಾಲಗೆಯ ತುದಿಯಲ್ಲಿ ಸಣ್ಣ ತಿರುಪೊಂದನ್ನು ಹಾಕಿ, ಅದು ನಳಿಗೆಯನ್ನು ಸದಾ ಒಂದೇ ಬಲದಿಂದ ಒತ್ತುವಂತೆ ಮಾಡುವುದು. ತಾಗದಿರುವುದಕ್ಕೆ ಬದಲು ಯಾವಾಗಲೂ ಸಮವಾಗಿ ತಾಗುವುದು ಇದರ ತತ್ತ್ವ. ರೂಗರ್ ರೈಫಲಿನ ಒಡೆಯರಲ್ಲಿ ಇದನ್ನು ಮೆಚ್ಚುವವರು ಬಹಳ ಮಂದಿ. ಕೆಲಸ ಚೆನ್ನಾಗಿ ಆದರೆ ಫಲವೂ ಚೆನ್ನಾಗಿರುತ್ತದೆ. ಆದರೆ ನನ್ನ ಅಭಿಪ್ರಾಯದಲ್ಲಿ ಹಳೆಯ ಬಂದೂಕಿನ ಉಕ್ಕಿಗೆ ರಂಧ್ರ ಕೊರೆಯುವುದು ಕಡೆಯ ಉಪಾಯವಾಗಬೇಕು. ಕೆರೆದ ಮರವನ್ನು ಬದಲಾಯಿಸಬಹುದು, ಕೊರೆದ ಉಕ್ಕನ್ನು ಬದಲಾಯಿಸಲಾಗುವುದಿಲ್ಲ. ಯಾವುದನ್ನು ಮಾಡಿಸಿದರೂ ೧೯೫೯ರ ಆಯುಧ ಶಾಸನದಂತೆ ಲೈಸೆನ್ಸುಳ್ಳ ಕೆಲಸಗಾರನಲ್ಲಿಯೇ ಮಾಡಿಸತಕ್ಕದ್ದು.

ಕಾಲು ಕಟ್ಟುವ ಗುಂಡಿಯ ಸ್ಥಳ ಮುಂದಿನ ಪ್ರಶ್ನೆ. ಮುಂದಕ್ಕೆ ಹೋದಷ್ಟೂ ಬಂದೂಕು ಅಲುಗದೆ ನಿಲ್ಲುತ್ತದೆ, ಆದರೆ ಮರ ಬಾಗುವ ಭಯ ಹೆಚ್ಚು. ಹಿಂದಕ್ಕೆ ಬಂದಷ್ಟೂ ಮರ ಕ್ಷೇಮ, ಆದರೆ ಮೂತಿ ತೂಗಾಡುತ್ತದೆ. ನಾಲಗೆ ಎಲ್ಲಿ ಮುಗಿಯುತ್ತದೆಯೋ ಅದರ ಹಿಂದೆಯೇ ಗುಂಡಿ ಇರುವುದು ಲೇಸು. ಅದರ ತಿರುಪು ಮರದಲ್ಲಿ ಹಾದು ನಳಿಗೆಯನ್ನು ಮುಟ್ಟದಷ್ಟು ಗಿಡ್ಡವಾಗಿರಬೇಕು. ಹಳೆಯ ರೈಫಲುಗಳಲ್ಲಿ ತೊಗಲಿನ ಪಟ್ಟಿಯ ಕೊಂಡಿ ನಳಿಗೆಯ ಮೇಲೆಯೇ ಇರುವುದುಂಟು. ಕಾಲು ಕಟ್ಟಲು ಅದು ಹೇಳಿಮಾಡಿಸಿದ ಹಾಗೆ ಕಾಣುತ್ತದೆ. ಅದರ ಹತ್ತಿರ ಹೋಗಬೇಡಿ.

ಕಾಲಿನ ಕೆಳಗಿನ ನೆಲವೂ ಗುರಿಯಲ್ಲಿ ಪಾಲುಗಾರ. ಘಾಟಿಯ ಸುತ್ತಿನಲ್ಲಿ ಎಲ್ಲಿ ಕೂತರೂ ಬಂಡೆಯೇ. ಬರಿಯ ಬಂಡೆಯ ಮೇಲೆ ಲೋಹದ ಕಾಲುಗಳನ್ನು ಊರಿ ಹೊಡೆದರೆ ಬಂದೂಕು ಚೆಂಡಿನಂತೆ ಪುಟಿಯುತ್ತದೆ, ಗುಂಡು ಮೇಲಕ್ಕೆ ಹೋಗುತ್ತದೆ. ಕುರುಬರ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಅದರ ಮೇಲೆ ಕಾಲು ಇಟ್ಟರೆ ಸಾಕು. ಇಳಿಜಾರಿನಲ್ಲಿ ಬಂದೂಕು ಒಂದು ಮಗ್ಗುಲಿಗೆ ವಾಲದಂತೆಯೂ ನೋಡಿಕೊಳ್ಳಬೇಕು. ೨೦೦ ಗಜದಲ್ಲಿ ಗುಂಡು ೨೦ ಅಂಗುಲ ಇಳಿಯುವುದಾದರೆ, ಬಂದೂಕು ಹತ್ತು ಡಿಗ್ರಿ ವಾಲಿದಾಗ ಅದು ವಾಲಿದ ಕಡೆಗೆ ಮೂರೂವರೆ ಅಂಗುಲ ಸರಿದುಬಿಡುತ್ತದೆ. ಒಂದು ಕಾಲನ್ನು ಗಿಡ್ಡಮಾಡಲು ಆಗದ ಬೈಪಾಡನ್ನು ಗುಡ್ಡಗಾಡಿನವರು ಕೊಳ್ಳುವುದು ವ್ಯರ್ಥ.

ಇಷ್ಟೆಲ್ಲ ಮಾಡಿದ ಮೇಲೆ ನಿಜ ತಿಳಿಯುವುದು ಕಾಗದದ ಮೇಲೆಯೇ. ಅಪ್ಪಣೆಯುಳ್ಳ ಗುರಿಮೈದಾನದಲ್ಲಿ ೧೦೦ ಗಜಕ್ಕೆ ಎರಡು ಕಾಗದಗಳನ್ನು ನಿಲ್ಲಿಸಿ. ಒಂದಕ್ಕೆ ಕಾಲಿನ ಮೇಲಿಟ್ಟು, ಇನ್ನೊಂದಕ್ಕೆ ಮರಳಿನ ಚೀಲದ ಮೇಲೆ ಕೈಯಿಟ್ಟು ಅದರ ಮೇಲೆ ಬಂದೂಕಿಟ್ಟು, ಒಂದಾದ ಮೇಲೊಂದರಂತೆ ಐದೈದು ಗುಂಡು ಹೊಡೆಯಿರಿ. ಒಂದರ ಐದನ್ನೂ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ನಳಿಗೆಯ ಕಾವು, ಗಾಳಿ, ನಿಮ್ಮ ಬೇಸರ ಇವು ಎರಡಕ್ಕೂ ಸಮವಾಗಿ ಹಂಚಬೇಕು. ಪ್ರತಿ ಗುಂಡಿನ ಬಳಿಕ ನಳಿಗೆ ತಣ್ಣಗಾಗುವವರೆಗೆ ಕಾಯಬೇಕು. ಬಳಿಕ ಎರಡು ಗುಂಪುಗಳ ನಡುಬಿಂದುವನ್ನು ಗುರುತಿಸಿ ನೋಡಿ. ಗುಂಪು ಚಿಕ್ಕದಾಗಿದೆ ಎಂದು ಹಿಗ್ಗುವವರು ಬಹಳ. ಗುಂಪು ಎಲ್ಲಿದೆ ಎಂದು ನೋಡುವವರು ಕಡಿಮೆ. ಮಾವನವರ ರೈಫಲಿನಲ್ಲಿ ಎರಡು ಗುಂಪುಗಳೂ ಹೆಚ್ಚುಕಡಿಮೆ ಒಂದೇ ಅಗಲ. ಆದರೆ ಪಟ್ಟಿಗೆ ಕಟ್ಟಿದ ಕಾಲಿನದು ಸುಮಾರು ನಾಲ್ಕು ಬೆರಳು ಮೇಲಿತ್ತು. ಹಂದಿಯ ಬೆನ್ನಿನ ಗಾಯ ಅಲ್ಲಿ ಬರೆದಿಟ್ಟ ಹಾಗೆ ಕಂಡಿತು. ಎರಡು ನಡುಬಿಂದುಗಳೂ ಕೂಡಿಬಂದರೆ ಕೆಲಸ ಸಾರ್ಥಕ. ಕೂಡಿಬರದಿದ್ದರೆ ದುರ್ಬೀನನ್ನು ಕಾಲಿನ ಗುಂಪಿಗೆ ಸರಿಹೊಂದಿಸಿ ಸದಾ ಕಾಲಿನ ಮೇಲೆಯೇ ಹೊಡೆಯುವುದೊಂದು ದಾರಿ. ಮೈದಾನದಲ್ಲಿ ಇದು ಸಾಕು. ಹೊಲದ ಬದುವಿನಲ್ಲಿ ಕಾಲು ಬಿಚ್ಚುವ ಸಮಯ ಯಾವಾಗಲಾದರೂ ಬಂದೇ ಬರುತ್ತದೆ.

ಕೊಡಗಿನಲ್ಲಿ ಕೈಲ್‌ಪೋಳ್ದ್ ಹಬ್ಬದಂದು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದನ್ನು ನೋಡಿದವರು, ಈ ಕಾಲು ಕಂಬಳಿಗಳ ಗೋಜೆಲ್ಲ ಏಕೆ, ಅವರು ನಿಂತೇ ಹೊಡೆಯುವುದಿಲ್ಲವೆ ಎಂದು ಕೇಳಬಹುದು. ಆ ಕೈಗಳ ಅಭ್ಯಾಸ ತಲೆಮಾರುಗಳದು. ತಪ್ಪಿದರೆ ನಷ್ಟ ಒಂದು ತೆಂಗಿನಕಾಯಿ. ಮುಸ್ಸಂಜೆಯಲ್ಲಿ ರಾಗಿಯ ಹೊಲದ ಅಂಚಿನಲ್ಲಿ ಕೂತ ಅರುವತ್ತು ವರ್ಷದ ರೈತನಿಗೆ ಆನಿಕೆ ಬೇಕು. ಆದರೆ ಆ ಆನಿಕೆ ಬಂದೂಕಿಗೆ ಅಂಟಿಕೊಂಡೇ ಇರಬೇಕೆಂಬ ನಿಯಮವೇನೂ ಇಲ್ಲ. ಎದೆಯೆತ್ತರದ ಎರಡು ಬಿದಿರಿನ ಕೋಲುಗಳನ್ನು ಮೇಲ್ತುದಿಯಿಂದ ಒಂದು ಗೇಣು ಕೆಳಗೆ ಸೈಕಲ್ಲಿನ ಹಳೆಯ ಟ್ಯೂಬಿನಿಂದ ಬಿಗಿದು ಕತ್ತರಿಯಾಗಿ ನಿಲ್ಲಿಸಿ, ಕವಲಿನಲ್ಲಿ ಎಡಗೈಯಿಟ್ಟು, ಕೈಯ ಮೇಲೆ ಬಂದೂಕಿನ ಮರವನ್ನು ಯಂತ್ರಭಾಗದ ಸಮೀಪದಲ್ಲಿ ಇಡುವುದು ನನಗೆ ಎಲ್ಲಕ್ಕಿಂತ ಒಪ್ಪಿಗೆಯಾದ ಕ್ರಮ. ಇದರಲ್ಲಿ ಮರಕ್ಕೆ ತಾಗುವುದು ಕೈ ಮಾತ್ರ. ಮರ ಕೆರೆಯಬೇಕಾಗಿಲ್ಲ, ಉಕ್ಕು ಕೊರೆಯಬೇಕಾಗಿಲ್ಲ, ಬಂದೂಕಿನ ಭಾರ ಒಂದು ತೊಲವೂ ಹೆಚ್ಚುವುದಿಲ್ಲ. ಮಲಗಿ ಹೊಡೆಯುವವರಿಗೆ ಬೈಪಾಡಿನಷ್ಟು ನೆಮ್ಮದಿ ಇದರಲ್ಲಿಲ್ಲವೆಂಬುದು ನಿಜ. ಆದರೆ ರಾಗಿಯ ಪೈರಿನ ನಡುವೆ ಮಲಗಿದವನಿಗೆ ಹಂದಿಯೂ ಕಾಣುವುದಿಲ್ಲ, ಹಂದಿಯ ಹಿಂದೆ ಏನಿದೆಯೆಂಬುದೂ ಕಾಣುವುದಿಲ್ಲ. ಹಿಂದೆ ಮಣ್ಣಿನ ದಿಬ್ಬವಿದ್ದರೆ ಮಾತ್ರ ಕುದುರೆಯ ಮೇಲೆ ಬೆರಳಿಡತಕ್ಕದ್ದು. ದಿಬ್ಬದ ಆಚೆ ಕ್ಷೇತ್ರಕ್ಕೆ ಹೋಗುವ ಕಾಲುದಾರಿಯಿದ್ದರೆ ಆ ರಾತ್ರಿ ಹಂದಿಗೆ ರಾಗಿಯನ್ನು ಬಿಟ್ಟುಕೊಡುವುದೇ ಸರಿ.

ಮಾವನವರು ನಳಿಗೆಯ ಪಟ್ಟಿಯನ್ನು ತೆಗೆಸಿದ್ದಾರೆ. ಅವರ ಮಗನ ಆಸೆಯಂತೆ ಮರದಲ್ಲಿ ಗುಂಡಿಯನ್ನು ಹಿಂದಕ್ಕೆ ಹಾಕಿಸಿದ್ದಾಗಿದೆ, ಮುಂತುದಿಯ ಕಪ್ಪನ್ನು ಕೆರೆಸಿದ್ದೂ ಆಗಿದೆ. ಮೈದಾನಕ್ಕೆ ಮಗ ಬೈಪಾಡನ್ನು ಒಯ್ಯುತ್ತಾನೆ. ಹೊಲಕ್ಕೆ ತಂದೆ ಬಿದಿರನ್ನು ಒಯ್ಯುತ್ತಾರೆ. ಎರಡು ಗುಂಪುಗಳ ಕಾಗದಗಳನ್ನು ತಾರೀಖು, ತೋಟಾದ ಜಾತಿ, ಗಾಳಿಯ ದಿಕ್ಕು ಬರೆದು ಲೈಸೆನ್ಸಿನ ಪುಸ್ತಕದೊಡನೆ ಪೆಟ್ಟಿಗೆಯಲ್ಲಿ ಇಡುವಂತೆ ಹೇಳಿದ್ದೇನೆ. ಮಳೆಗಾಲ ಕಳೆದು ಮರ ಒಣಗಿದ ಮೇಲೆ, ಕಾರ್ತಿಕದಲ್ಲಿ, ಇನ್ನೊಮ್ಮೆ ಐದೈದು ಗುಂಡು ಹೊಡೆದು ಹಳೆಯ ಕಾಗದದ ಮೇಲೆ ಹೊಸದನ್ನಿಟ್ಟು ಬೆಳಕಿಗೆ ಹಿಡಿದು ನೋಡಬೇಕು.